ಬಚ್ಚಲ ಗೋಡೆಯ ಉದ್ದಗಾಲಿನ ಜರಿ: ಗುರುತು, ಆವಾಸ ಮತ್ತು ಒಂದು ಎಚ್ಚರಿಕೆ

ಕಾಸರಗೋಡು: ಮಳೆಗಾಲ ಹಿಡಿಯಿತೆಂದರೆ ಗಡಿನಾಡಿನ ಮನೆಗಳಿಗೆ ಕರೆಯದ ಅತಿಥಿಗಳು ಬರಲು ಶುರುವಾಗುತ್ತದೆ. ಅಂಗಳದಲ್ಲಿ ಚೇರಟೆ, ಜಗಲಿಯಲ್ಲಿ ಕಪ್ಪೆ, ದೀಪದ ಸುತ್ತ ಈಸುಳ್ಳೆ. ಇವುಗಳ ನಡುವೆ ಹೆಂಗಸರು ಮಕ್ಕಳು ಬೆಚ್ಚಿಬೀಳುವಂತೆ ಮಾಡುವ ಜೀವಿ ಇನ್ನೊಂದಿದೆ. ರಾತ್ರಿ ಬಚ್ಚಲಿನ ದೀಪ ಹಾಕಿದ ಕೂಡಲೇ ಗೋಡೆಯ ಮೇಲೆ ಸರ್ರನೆ ಓಡಿ ಮೂಲೆಯ ಬಿರುಕಿನಲ್ಲಿ ಮಾಯವಾಗುವ, ಜೇಡವೂ ಅಲ್ಲದ, ಜರಿಯಂತೆಯೂ ಕಾಣದ, ಮೈತುಂಬ ಉದ್ದ ಕಾಲುಗಳ ಹುಳ. ಕಂಡವರು ಮೊದಲು ಕೈಹಾಕುವುದು ಹಿಡಿಸೂಡಿಗೆ. ಒಂದೆರಡು ಪೆಟ್ಟಿಗೆ ಹುಳ ಸಾಯುತ್ತದೆ, ಮುರಿದ ಕಾಲುಗಳು ನೆಲದ ಮೇಲೆ ಕೆಲ ಹೊತ್ತು ಮಿಡುಕುತ್ತಿರುತ್ತವೆ, ಅದನ್ನು ನೋಡಿ ಭಯ ಮತ್ತಷ್ಟು ಹೆಚ್ಚುತ್ತದೆ.

ಆದರೆ ಹೀಗೆ ಸಾಯುವ ಜೀವಿ ಮನೆಯವರಿಗೆ ತೊಂದರೆ ಕೊಡುವುದು ಬಲು ಅಪರೂಪ. ತೊಂದರೆ ಕೊಡುವ ಜರಿಯೇ ಬೇರೆ. ಎರಡಕ್ಕೂ ಒಂದೇ ಹೆಸರು ಇರುವುದರಿಂದ ಒಂದರ ತಪ್ಪಿಗೆ ಇನ್ನೊಂದು ಪೆಟ್ಟು ತಿನ್ನುತ್ತಿದೆ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಕತ್ತಲಲ್ಲಿ ಏನೇ ಕಚ್ಚಿದರೂ "ಜರಿ ಇರಬೇಕು" ಎಂದು ಸುಮ್ಮನಾಗುವ ಅಭ್ಯಾಸ. ಈ ಅಭ್ಯಾಸ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಈ ಜೀವಿಗಳ ಪರಿಚಯ ಪ್ರತಿ ಮನೆಯವರಿಗೂ ಅಗತ್ಯ.

ಹೆಸರು ಹಲವು

ಕನ್ನಡದ ಜರಿಗೆ ಮಲಯಾಳದಲ್ಲಿ ಪಳುದಾರ, ತಮಿಳಿನಲ್ಲಿ ಪೂರಾನ್, ತೆಲುಗಿನಲ್ಲಿ ಜೆರ್ರಿ, ಮರಾಠಿಯಲ್ಲಿ ಗೋಮ್ ಎನ್ನುತ್ತಾರೆ. ಪುಸ್ತಕದ ಭಾಷೆಯಲ್ಲಿ ಇದು ಶತಪದಿ. ಹೆಸರು ಕೇಳಿ ನೂರು ಕಾಲು ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಬೆಳೆದ ಶತಪದಿಗಳಲ್ಲಿ ಕಾಲಿನ ಜೋಡಿಗಳ ಸಂಖ್ಯೆ ಸಾಮಾನ್ಯವಾಗಿ ಬೆಸವೇ ಆಗಿರುತ್ತದೆ. ಜಾತಿಗೆ ತಕ್ಕಂತೆ 15 ಜೋಡಿಯಿಂದ 191 ಜೋಡಿಯವರೆಗೆ ಇರುವುದುಂಟು. ನೂರು ಕಾಲು ಎಂದರೆ 50 ಜೋಡಿ, ಅದು ಸಮಸಂಖ್ಯೆ. ಹಾಗಾಗಿ ಸರಿಯಾಗಿ ನೂರು ಕಾಲಿನ ಶತಪದಿ ಸಿಗುವುದಿಲ್ಲವೆಂದೇ ಹೇಳಬಹುದು.

ಮುಟ್ಟಿದರೆ ಚಕ್ಕುಲಿಯಂತೆ ಸುರುಳಿ ಸುತ್ತಿಕೊಳ್ಳುವ ಚೇರಟೆ ಈ ಗುಂಪಿಗೆ ಸೇರಿದ್ದಲ್ಲ. ಅದು ಸಹಸ್ರಪದಿ. ಅದರ ಮೈಯ ಹೆಚ್ಚಿನ ಉಂಗುರಗಳಿಗೆ ಎರಡೆರಡು ಜೋಡಿ ಕಾಲು, ಜರಿಗೆ ಪ್ರತಿ ಖಂಡಕ್ಕೆ ಒಂದೇ ಜೋಡಿ. ಚೇರಟೆ ಕೊಳೆತ ಎಲೆ ತಿಂದು ಬದುಕುವ ಸಾಧು ಪ್ರಾಣಿ. ಜರಿಗಳೆಲ್ಲ ಬೇಟೆಗಾರರು.

ಎರಡು ಬಗೆಯ ಜರಿ

ಮನೆಯ ಸುತ್ತಮುತ್ತ ಕಾಣುವ ಜರಿಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಗೋಡೆಯ ಮೇಲೆ ಓಡುವ ಉದ್ದಗಾಲಿನ ಜರಿ. ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾದಲ್ಲಿ ವ್ಯಾಪಕವಾಗಿ ಕಾಣುವ ಇದರ ಜಾತಿಯ ವೈಜ್ಞಾನಿಕ ಹೆಸರು ಥೆರಿಯೂಪೋಡಾ ಲಾಂಗಿಕಾರ್ನಿಸ್. 1793ರಲ್ಲಿ ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ಇದನ್ನು ಮೊದಲು ವರ್ಣಿಸಿದ. ಬೆಳೆದ ಹುಳಕ್ಕೆ 15 ಜೋಡಿ ಕಾಲು. ಮೈ ಕೆಲವೇ ಸೆಂಟಿಮೀಟರ್ ಉದ್ದವಿದ್ದರೂ ಕಾಲು ಚಾಚಿ ನಿಂತಾಗ ಅಂಗೈಯಷ್ಟು ಜಾಗ ಆವರಿಸುತ್ತದೆ. ಮುಂದಿನ ಮೀಸೆಗಳೂ ಹಿಂದಿನ ಕೊನೆಯ ಜೋಡಿ ಕಾಲುಗಳೂ ಒಂದೇ ರೀತಿ ಉದ್ದವಾಗಿರುವುದರಿಂದ ತಲೆ ಯಾವುದು ಬಾಲ ಯಾವುದು ಎಂದು ತಟ್ಟನೆ ಗೊತ್ತಾಗುವುದಿಲ್ಲ.

ಎರಡನೆಯದು ಹೆಸರುವಾಸಿಯಾದ ಚಪ್ಪಟೆ ಜರಿ. ಸ್ಕೊಲೊಪೆಂಡ್ರಾ ಕುಲದ ಇದಕ್ಕೆ 21 ಜೋಡಿ ಗಿಡ್ಡ, ಗಟ್ಟಿ ಕಾಲುಗಳು. ಮೈ ಪಟ್ಟಿಯಂತೆ ಚಪ್ಪಟೆ, ಹೊಳಪು ಹೆಚ್ಚು. ದೊಡ್ಡವು 10 ಸೆಂಟಿಮೀಟರ್ ದಾಟುತ್ತವೆ. ಸ್ಕೊಲೊಪೆಂಡ್ರಾ ಮಾರ್ಸಿಟಾನ್ಸ್ ಎಂಬ ಜಾತಿ ಇವುಗಳಲ್ಲಿ ಸಾಮಾನ್ಯ. ಹುಲಿಯಂತೆ ಕಿತ್ತಳೆ ಮತ್ತು ಕಪ್ಪು ಪಟ್ಟೆಗಳಿರುವ ಸ್ಕೊಲೊಪೆಂಡ್ರಾ ಹಾರ್ಡ್‌ವಿಕಿ ಎಂಬ ದೊಡ್ಡ ಜಾತಿಯೂ ದಕ್ಷಿಣ ಭಾರತದಲ್ಲಿದೆ. ಕಚ್ಚಿ ರಾತ್ರಿಯಿಡೀ ನಿದ್ದೆಗೆಡಿಸುವುದು ಈ ಬಗೆಯ ಜರಿ.

ಗುರುತು ಸುಲಭ. ಕಾಲು ಕೂದಲಿನಂತೆ ಉದ್ದವಾಗಿ ತೆಳ್ಳಗಿದ್ದು, ಮೈಯನ್ನು ನೆಲದಿಂದ ಎತ್ತಿ ಹಿಡಿದು ಓಡಿದರೆ ಅದು ಮೊದಲನೆಯದು. ಮೈ ನೆಲಕ್ಕೆ ತಾಗಿಕೊಂಡು ಹಾವಿನಂತೆ ಬಳುಕುತ್ತ ಹೋದರೆ ಎರಡನೆಯದು.

ಮನೆಯೊಳಗಿನ ಬೇಟೆಗಾರ

ಉದ್ದಗಾಲಿನ ಜರಿಯ ಊಟವೆಂದರೆ ಜಿರಳೆ, ಮಿಡತೆ, ಬೆಳ್ಳಿಮೀನು ಎಂದು ಕರೆಯುವ ಪುಸ್ತಕದ ಹುಳ, ನೊಣ, ಜೇಡ ಮೊದಲಾದವು. ಅನ್ನ, ಬೆಲ್ಲ, ಕಾಳು, ಬಟ್ಟೆ ಯಾವುದನ್ನೂ ಇದು ಮುಟ್ಟುವುದಿಲ್ಲ. ಇತರ ಜರಿಗಳಿಗೆ ಕಣ್ಣು ಮಂದ, ಕೆಲವಕ್ಕೆ ಕಣ್ಣೇ ಇಲ್ಲ. ಉದ್ದಗಾಲಿನ ಜರಿಗೆ ಮಾತ್ರ ಕೀಟಗಳಂತೆ ಅನೇಕ ಮಸೂರಗಳು ಕೂಡಿದ ಸಂಯುಕ್ತ ಕಣ್ಣುಗಳಿವೆ. ಆದರೂ ಕತ್ತಲಿನ ಬೇಟೆಯಲ್ಲಿ ಅದು ಹೆಚ್ಚಾಗಿ ನಂಬುವುದು ಮೀಸೆಯನ್ನು. ಕಾಲುಗಳ ತುದಿ ನೂರಾರು ಸಣ್ಣ ತುಣುಕುಗಳಿಂದಾಗಿದ್ದು ದಾರದಂತೆ ಬಾಗುತ್ತದೆ. ಸಿಕ್ಕಿದ ಜಿರಳೆಯನ್ನು ಹಗ್ಗ ಸುತ್ತಿದಂತೆ ಕಾಲುಗಳಲ್ಲಿ ಬಂಧಿಸಿ, ನಂತರ ವಿಷ ಊಡಿ, ನಿಧಾನವಾಗಿ ತಿನ್ನುತ್ತದೆ.

ಜರಿ ಕಚ್ಚುವುದು ಬಾಯಿಯಿಂದಲ್ಲ ಎಂಬುದು ಹಲವರಿಗೆ ತಿಳಿಯದ ವಿಷಯ. ತಲೆಯ ಹಿಂದಿನ ಮೊದಲ ಜೋಡಿ ಕಾಲುಗಳೇ ಇಕ್ಕಳದ ರೂಪ ತಾಳಿ, ಒಳಗೆ ವಿಷಗ್ರಂಥಿಯನ್ನೂ ತುದಿಯಲ್ಲಿ ಸೂಜಿಯಂತಹ ಮೊನೆಯನ್ನೂ ಹೊಂದಿವೆ. ವಿಷದ ಕಾಲು ಎಲ್ಲ ಶತಪದಿಗಳಿಗೂ ಇದೆ. ಉದ್ದಗಾಲಿನ ಜರಿ ಕೈಯಲ್ಲಿ ಹಿಡಿದು ಅದುಮಿದರೆ ಕಚ್ಚಬಲ್ಲದು. ಆದರೆ ಅದರ ಮೊದಲ ಯೋಚನೆ ಓಡಿಹೋಗುವುದು. ಸಿಕ್ಕಿಬಿದ್ದರೆ ಹಲ್ಲಿ ಬಾಲ ಬಿಡುವಂತೆ ಕಾಲುಗಳನ್ನು ಕಳಚಿ ಓಡುತ್ತದೆ. ಮಿಡುಕುವ ಕಾಲುಗಳ ಮೇಲೆ ಶತ್ರುವಿನ ಗಮನ ಇರುವಾಗ ತಾನು ಪಾರಾಗುವ ಉಪಾಯ ಇದು. ಕಳೆದುಕೊಂಡ ಕಾಲು ಮುಂದೆ ಪೊರೆ ಬಿಡುವಾಗ ಮತ್ತೆ ಬೆಳೆಯುತ್ತದೆ.

ತೇವ ಇದ್ದಲ್ಲೇ ವಾಸ

ಇದು ಬಚ್ಚಲಲ್ಲೇ ಏಕೆ ಕಾಣುತ್ತದೆ? ಉತ್ತರ ಅದರ ಚರ್ಮದಲ್ಲಿದೆ. ಜಿರಳೆಯಂತಹ ಕೀಟಗಳ ಹೊರಮೈಗೆ ಮೇಣದ ಲೇಪವಿದ್ದು ಒಳಗಿನ ನೀರು ಆರಿಹೋಗದಂತೆ ತಡೆಯುತ್ತದೆ. ಜರಿಗಳಲ್ಲಿ ಈ ರಕ್ಷಣೆ ತೀರ ದುರ್ಬಲ. ಸಾಲದ್ದಕ್ಕೆ ಉದ್ದಗಾಲಿನ ಜರಿ ಉಸಿರಾಡುವುದು ಬೆನ್ನಿನ ಫಲಕಗಳ ಮೇಲಿರುವ 7 ರಂಧ್ರಗಳಿಂದ, ಆ ರಂಧ್ರಗಳನ್ನು ಮುಚ್ಚಲು ಅದಕ್ಕೆ ಬಾರದು. ಒಣ ಗಾಳಿಯಲ್ಲಿ ಹೆಚ್ಚು ಹೊತ್ತು ನಿಂತರೆ ಮೈಯ ನೀರು ಆರಿ ಸಾಯುತ್ತದೆ. ಹಗಲೆಲ್ಲ ಬಿರುಕಿನಲ್ಲಿ ಅಡಗಿ ರಾತ್ರಿ ಹೊರಬರುವುದಕ್ಕೂ, ಸದಾ ನೀರಿನ ತೇವವಿರುವ ಜಾಗ ಹುಡುಕುವುದಕ್ಕೂ ಇದೇ ಕಾರಣ.

ಇದರ ಮೂಲ ಮನೆ ಕಾಡು. ಬಂಡೆಯ ಸಂದು, ಮರದ ಪೊಟರೆ, ತರಗೆಲೆಯ ರಾಶಿ, ಗುಹೆ ಇವೆಲ್ಲ ಅದರ ಸಹಜ ತಾಣಗಳು. ಮಲೇಷ್ಯಾದ ಗುಹೆಗಳಲ್ಲಿ ಇದೇ ಜಾತಿ ಗುಹೆಯ ಮಿಡತೆಗಳನ್ನು ಹಿಡಿದು ಬದುಕುತ್ತದೆ. ಮನುಷ್ಯ ಕಟ್ಟಿದ ಮನೆಯ ಬಚ್ಚಲು ಅದರ ಪಾಲಿಗೆ ಇನ್ನೊಂದು ಸಣ್ಣ ಗುಹೆ. ಕತ್ತಲು, ತಂಪು, ನೀರು, ಜಿರಳೆ, ಬೇಕಾದ್ದೆಲ್ಲ ಒಂದೇ ಕಡೆ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿನ ಹಳೆಯ ಮನೆಗಳು ಮುರಕಲ್ಲಿನವು. ಮುರಕಲ್ಲಿನ ಮೈತುಂಬ ತೂತು, ನೀರು ಹೀರಿಕೊಳ್ಳುವ ಗುಣವೂ ಉಂಟು. ಗಾರೆ ಬಿಟ್ಟ ಗೋಡೆಯ ಸಂದು, ಹಂಚಿನ ಮಾಡಿನ ಅಡಿ, ಮನೆಯ ಹಿಂಭಾಗದಲ್ಲಿ ಒಟ್ಟಿದ ಸೌದೆ, ತೆಂಗಿನ ಸಿಪ್ಪೆಯ ರಾಶಿ, ಅಡಿಕೆ ತೋಟದಿಂದ ತಂದು ಹಾಕಿದ ಸೋಗೆ, ಹಟ್ಟಿಯ ಗೊಬ್ಬರ ಇವೆಲ್ಲ ಎರಡೂ ಬಗೆಯ ಜರಿಗಳಿಗೆ ಒಳ್ಳೆಯ ಆಶ್ರಯ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳು ಈ ಭಾಗದ ವಿಶೇಷ. ಅವುಗಳೊಳಗೂ ಗುಹೆಯ ಹವೆಯೇ ಇರುತ್ತದೆ.

ಸಿಮೆಂಟಿನ ಮನೆಗೆ ಬದಲಾದರೆ ಜರಿ ಬರುವುದಿಲ್ಲವೆಂದಲ್ಲ. ಸೋರುವ ನಲ್ಲಿ, ಜಾಲರಿ ಇಲ್ಲದ ನೀರು ಹೋಗುವ ಕೊಳವೆ, ಕಪಾಟಿನ ಹಿಂದೆ ಹಬ್ಬಿದ ತೇವ ಇದ್ದರೆ ಅಲ್ಲೂ ವಾಸ ಮಾಡುತ್ತದೆ. ಬೇಸಿಗೆ ಒಣಗುವ ಮಡಕಶಿರಾ, ರಾಯದುರ್ಗ, ಜತ್ತ, ಸೊಲ್ಲಾಪುರದಂತಹ ಬಯಲುಸೀಮೆಯಲ್ಲಿ ಜರಿಗಳು ಕಲ್ಲಿನಡಿ, ನೆಲದ ಬಿರುಕು ಸೇರಿ ದಿನ ದೂಡುತ್ತವೆ. ಮೊದಲ ಮಳೆಗೆ ಬಿರುಕಿನೊಳಗೆ ನೀರು ನುಗ್ಗಿದಾಗ ಒಟ್ಟಿಗೆ ಹೊರಬೀಳುತ್ತವೆ. ಅಂದರೆ ಮನೆಗೆ ಬರುವ ಜರಿ ಒಂದೋ ತೇವ ಹುಡುಕಿ ಬಂದಿರುತ್ತದೆ, ಇಲ್ಲವೇ ನೀರಿನಿಂದ ತಪ್ಪಿಸಿಕೊಂಡು ಬಂದಿರುತ್ತದೆ.

ಸಂಸಾರದ ವಿಷಯದಲ್ಲೂ ಎರಡೂ ಜರಿಗಳು ಬೇರೆ ಬೇರೆ. ಉದ್ದಗಾಲಿನ ಜರಿ ಒಂದೊಂದೇ ಮೊಟ್ಟೆಯನ್ನು ಮಣ್ಣಿನ ಸಂದಿನಲ್ಲಿಟ್ಟು ಹೋಗುತ್ತದೆ. ಮರಿ ಹೊರಬರುವಾಗ ಇರುವುದು 4 ಜೋಡಿ ಕಾಲು ಮಾತ್ರ, ಪೊರೆ ಬಿಟ್ಟಂತೆಲ್ಲ ಕಾಲು ಹೆಚ್ಚುತ್ತ 15 ಜೋಡಿಯಾಗುತ್ತದೆ. ಚಪ್ಪಟೆ ಜರಿಯ ಮರಿ ಹುಟ್ಟುವಾಗಲೇ ಎಲ್ಲ ಕಾಲುಗಳೊಂದಿಗೆ ಹುಟ್ಟುತ್ತದೆ. ಅದರ ತಾಯಿ ಮೊಟ್ಟೆಗಳ ಸುತ್ತ ಮೈ ಸುತ್ತಿ, ಊಟ ಬಿಟ್ಟು, ವಾರಗಟ್ಟಲೆ ಕಾವಲು ಕಾಯುತ್ತದೆ. ಕಲ್ಲು ಎತ್ತಿದಾಗ ಕಾಣುವ ಸುರುಳಿ ಸುತ್ತಿದ ಜರಿ ಹೆಚ್ಚಾಗಿ ಇಂತಹ ತಾಯಿ.

ನೀಲಿ ರಕ್ತದ ಕಥೆ

ಹಿಡಿಸೂಡಿಯ ಪೆಟ್ಟು ತಿನ್ನುವ ಈ ಹುಳಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಕೀಟಗಳಲ್ಲಿ ಗಾಳಿ ಸಣ್ಣ ನಾಳಗಳ ಮೂಲಕ ನೇರವಾಗಿ ಅಂಗಾಂಗಗಳಿಗೆ ತಲುಪುತ್ತದೆ. ನಾಳಗಳಿಂದ ಉಸಿರಾಡುವ ಶತಪದಿಗಳಿಗೂ ಆಮ್ಲಜನಕ ಹೊರುವ ವಸ್ತು ರಕ್ತದಲ್ಲಿ ಬೇಕಿಲ್ಲ ಎಂದೇ ಹಿಂದೆ ತಿಳಿಯಲಾಗಿತ್ತು. 1969ರಲ್ಲಿ ಜಿ. ಸುಂದರ ರಾಜುಲು ಎಂಬ ವಿಜ್ಞಾನಿ ಉದ್ದಗಾಲಿನ ಜರಿಯ ರಕ್ತದಲ್ಲಿ ಹೀಮೋಸಯನಿನ್ ಇದೆಯೆಂದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಈ ಜಾತಿಯನ್ನು ಸ್ಕುಟಿಗೆರಾ ಲಾಂಗಿಕಾರ್ನಿಸ್ ಎಂದು ಕರೆಯುತ್ತಿದ್ದರು. ಹೀಮೋಸಯನಿನ್ ಎಂದರೆ ಏಡಿ, ಸಿಗಡಿಗಳ ರಕ್ತದಲ್ಲಿರುವ, ಕಬ್ಬಿಣದ ಬದಲು ತಾಮ್ರವಿರುವ ವಸ್ತು. ಆಮ್ಲಜನಕ ಸೇರಿದಾಗ ಅದರ ಬಣ್ಣ ನೀಲಿ. ನಂತರ ವಿದೇಶಗಳಲ್ಲಿ ನಡೆದ ಸಂಶೋಧನೆಗಳೂ ಇದನ್ನು ಸ್ಥಿರಪಡಿಸಿದವು. ಇದರ ಉಸಿರಾಟದ ನಾಳಗಳು ಬೆನ್ನಿನ ಕೆಳಗೇ ಮುಗಿಯುವುದರಿಂದ ಆಮ್ಲಜನಕವನ್ನು ಉದ್ದ ಕಾಲುಗಳ ತನಕ ಒಯ್ಯುವ ಕೆಲಸ ರಕ್ತದ್ದೇ.

ಈ ಗುಂಪು ಬಹಳ ಪುರಾತನ. ಇದರ ಪೂರ್ವಜರ ಕಾಲುಗಳ ಪಳೆಯುಳಿಕೆಗಳು 40 ಕೋಟಿ ವರ್ಷಗಳಿಗೂ ಹಿಂದಿನ ಕಲ್ಲುಗಳಲ್ಲಿ ದೊರೆತಿವೆ. ಮೆಡಿಟರೇನಿಯನ್ ತೀರದ ಇದರ ಬಂಧು ಸ್ಕುಟಿಗೆರಾ ಕೋಲಿಯೋಪ್ಟ್ರಾಟಾ ಮನುಷ್ಯನ ಸಾಮಾನು ಸರಂಜಾಮಿನೊಂದಿಗೆ ಯುರೋಪು, ಅಮೆರಿಕಗಳ ಮನೆಗಳಿಗೆಲ್ಲ ಹಬ್ಬಿದೆ. ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಓಡುವ ಆ ಹುಳವನ್ನು ಕಂಡು ಅಲ್ಲಿನವರು ಬೆಚ್ಚುವುದೂ ಇಲ್ಲಿನಂತೆಯೇ.

ಚಪ್ಪಟೆ ಜರಿ ಕಚ್ಚಿದರೆ

ಚಪ್ಪಟೆ ಜರಿಯ ಕಡಿತ ಬೆಂಕಿ ಮುಟ್ಟಿದಂತೆ ಉರಿಯುತ್ತದೆ. ಕಚ್ಚಿದ ಜಾಗ ಕೆಂಪಾಗಿ ಬಾತುಕೊಳ್ಳುತ್ತದೆ. ನೋವು ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಇರಬಹುದು. ಆರೋಗ್ಯವಂತ ದೊಡ್ಡವರಲ್ಲಿ ಸಾವು ಸಂಭವಿಸುವುದು ಅತ್ಯಂತ ವಿರಳ. ಜಾಗವನ್ನು ಸಾಬೂನು ನೀರಿನಿಂದ ತೊಳೆದು, ಚರ್ಮ ಸುಡದಂತೆ ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಹಲವರಿಗೆ ನೋವು ಇಳಿಯುತ್ತದೆ. ಮಂಜುಗಡ್ಡೆಯಿಂದಲೂ ಕೆಲವರಿಗೆ ಆರಾಮ ಸಿಗುತ್ತದೆ. ಸುಣ್ಣ ಹಚ್ಚುವುದು, ಕೊಯ್ದು ರಕ್ತ ತೆಗೆಯುವುದು ಬೇಡ. ಮಕ್ಕಳಿಗೆ ಕಚ್ಚಿದರೆ, ಮೈಯೆಲ್ಲ ದದ್ದು, ಉಸಿರು ಕಟ್ಟುವಿಕೆ, ತಲೆಸುತ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ವೈದ್ಯರನ್ನು ಕೇಳುವುದು ಒಳ್ಳೆಯದು.

ಜರಿ ಕಿವಿಗೆ ಹೊಕ್ಕು ಮಿದುಳು ತಿನ್ನುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಹಿಂದಿಯಲ್ಲಿ ಜರಿಗಿರುವ ಕನ್‌ಖಜೂರಾ ಎಂಬ ಹೆಸರಿನಲ್ಲೇ ಕಿವಿ ಸೇರಿಕೊಂಡಿದೆ. ನೆಲದಲ್ಲಿ ಮಲಗಿದವರ ಕಿವಿಗೆ ಯಾವುದೇ ಸಣ್ಣ ಹುಳ ಹೋಗುವ ಹಾಗೆ ಮರಿ ಜರಿ ಹೊಕ್ಕ ಪ್ರಕರಣಗಳು ಅಪರೂಪಕ್ಕೆ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆದರೆ ಮಿದುಳಿಗೆ ಹೋಗುವ ದಾರಿ ಅಲ್ಲಿಲ್ಲ, ನಡುವೆ ಕಿವಿತಮ್ಮಟೆ ಮತ್ತು ಎಲುಬು ಇವೆ. ಹಾಗಾದಾಗ ಕಡ್ಡಿ, ಪಿನ್ನು ಹಾಕಿ ಕೆದಕದೆ ವೈದ್ಯರ ಬಳಿ ಹೋಗುವುದೇ ಸರಿ.

ಜರಿಯೋ, ಹಾವೋ?

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಜರಿಯ ಇಕ್ಕಳ ಚುಚ್ಚಿದಲ್ಲಿ ಎರಡು ಚುಕ್ಕೆ ಗಾಯಗಳು ಬೀಳುತ್ತವೆ. ಹಾವಿನ ಹಲ್ಲಿನ ಗುರುತೂ ಎರಡು ಚುಕ್ಕೆಗಳಾಗಿ ಕಾಣಬಹುದು. ರಾತ್ರಿ ಮಲಗಿದಾಗ ಏನೋ ಚುಚ್ಚಿದಂತಾಗಿ ಎದ್ದು ನೋಡಿ, ಏನೂ ಕಾಣದೆ, ಜರಿಯೋ ಇರುವೆಯೋ ಇರಬೇಕೆಂದು ಮತ್ತೆ ಮಲಗುವವರಿದ್ದಾರೆ.

ಮಲಯಾಳದಲ್ಲಿ ವೆಳ್ಳಿಕ್ಕೆಟ್ಟನ್ ಎನ್ನುವ ಕಟ್ಟುಹಾವು ರಾತ್ರಿ ಸಂಚಾರಿ. ಮಳೆಗಾಲದಲ್ಲಿ ಮನೆಯೊಳಗೂ ನುಸುಳಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ಕಚ್ಚುತ್ತದೆ. ಅದರ ಕಡಿತದಲ್ಲಿ ನೋವಾಗಲಿ ಊತವಾಗಲಿ ಬಹುತೇಕ ಇರುವುದಿಲ್ಲ, ಗಾಯದ ಗುರುತೂ ಕಾಣದೇ ಹೋಗಬಹುದು. ಕೆಲವು ಗಂಟೆಗಳ ಬಳಿಕ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲು ಮಾತನಾಡಲು ಕಷ್ಟ, ಕೊನೆಗೆ ಉಸಿರಾಟವೇ ನಿಲ್ಲುವುದು ಹೀಗೆ ವಿಷ ಏರುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ.

ಆದ್ದರಿಂದ ನೆನಪಿಡಬೇಕಾದ ಸೂತ್ರ ಸರಳ. ಚಪ್ಪಟೆ ಜರಿ ಕಚ್ಚಿದರೆ ಆ ಕ್ಷಣದಲ್ಲೇ ಕೂಗುವಷ್ಟು ನೋವು. ನೋವಿಲ್ಲದ ಕಡಿತವನ್ನು ಜರಿಯ ಲೆಕ್ಕಕ್ಕೆ ಬರೆಯಬಾರದು. ನೋವಿದ್ದರೂ ಕಚ್ಚಿದ್ದನ್ನು ಕಣ್ಣಾರೆ ಕಾಣದಿದ್ದರೆ ಹಾವೆಂದೇ ಭಾವಿಸಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ನಾಗರಹಾವು, ಮಂಡಲದ ಹಾವುಗಳ ಕಡಿತದಲ್ಲಿ ನೋವು, ಊತ ಎರಡೂ ಇರುತ್ತವೆ. ಕಚ್ಚಿದ ಅಂಗವನ್ನು ಅಲುಗಾಡಿಸಬಾರದು, ಹಗ್ಗದಿಂದ ಬಿಗಿಯಬಾರದು, ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಬಹುದು. ಆಸ್ಪತ್ರೆಯಲ್ಲಿ ಕೆಲ ಹೊತ್ತು ನಿಗಾದಲ್ಲಿದ್ದು ಜರಿಯೇ ಎಂದು ಗೊತ್ತಾಗಿ ಮನೆಗೆ ಮರಳಿದರೆ ನಷ್ಟವೇನಿಲ್ಲ.

ಮನೆಯಲ್ಲಿ ಮಾಡಬೇಕಾದ್ದು

ವಿಷ ಸಿಂಪಡಿಸಿದರೆ ಅಲ್ಲಿರುವ ಒಂದು ಜರಿ ಸಾಯಬಹುದು. ತೇವವೂ ಜಿರಳೆಯೂ ಉಳಿದರೆ ಮತ್ತೊಂದು ಬರುತ್ತದೆ. ಸೋರುವ ನಲ್ಲಿ ಸರಿಪಡಿಸಿ, ಬಚ್ಚಲಿಗೆ ಗಾಳಿ ಬೆಳಕು ಆಡುವಂತೆ ಮಾಡಿ, ನೀರು ಹೋಗುವ ತೂತಿಗೆ ಜಾಲರಿ ಹಾಕಿ, ಗೋಡೆಯ ಬಿರುಕು ಮುಚ್ಚಿದರೆ ಅರ್ಧ ಕೆಲಸವಾದಂತೆ. ಸೌದೆ, ಸಿಪ್ಪೆ, ಕಲ್ಲಿನ ರಾಶಿಯನ್ನು ಗೋಡೆಯಿಂದ ದೂರ ಇಡಬೇಕು. ಇದರಿಂದ ಇಲಿ ಕಡಿಮೆಯಾಗುತ್ತದೆ, ಇಲಿ ಕಡಿಮೆಯಾದರೆ ಹಾವೂ ಕಡಿಮೆ. ನೆಲದಲ್ಲಿ ಮಲಗುವವರು ಮಂಚಕ್ಕೆ ಬದಲಾಗುವುದು, ಇಲ್ಲವಾದರೆ ಸೊಳ್ಳೆಪರದೆಯ ಅಂಚನ್ನು ಚಾಪೆಯಡಿಗೆ ಸಿಕ್ಕಿಸಿ ಮಲಗುವುದು ಒಳ್ಳೆಯದು. ಬೆಳಿಗ್ಗೆ ಚಪ್ಪಲಿ, ಬೂಟು ಕೊಡವಿ ಹಾಕಿಕೊಳ್ಳಬೇಕು. ಸೌದೆ ಎತ್ತುವಾಗ, ತೋಟದಲ್ಲಿ ಸೋಗೆ ಎಳೆಯುವಾಗ ಕೈ ಹಾಕುವ ಮುನ್ನ ಕೋಲಿನಿಂದ ಒಮ್ಮೆ ತಟ್ಟಬೇಕು.

ಇಷ್ಟಾದ ಮೇಲೂ ಬಚ್ಚಲ ಗೋಡೆಯಲ್ಲಿ ಉದ್ದಗಾಲಿನ ಜರಿ ಕಂಡರೆ ಹಿಡಿಸೂಡಿ ಹುಡುಕಬೇಕಾಗಿಲ್ಲ. ಅಗಲ ಬಾಯಿಯ ಡಬ್ಬಿಯೊಂದನ್ನು ಅದರ ಮೇಲೆ ಕವುಚಿ, ಕೆಳಗೆ ದಪ್ಪ ಕಾಗದ ತೂರಿಸಿ, ಅಂಗಳದಾಚೆಯ ತರಗೆಲೆಯ ಮೇಲೆ ಬಿಟ್ಟರೆ ಸಾಕು. ಬಿಟ್ಟುಬಿಟ್ಟರೂ ಬಾಧಕವಿಲ್ಲ, ದೀಪ ಆರಿಸಿದ ಮೇಲೆ ಅದು ಜಿರಳೆ ಹುಡುಕಿಕೊಂಡು ಹೋಗುತ್ತದೆ.